ವರ್ಷತೊಡಕಿನ ಉಯ್ಯಾಲೆ

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಅವತ್ತು ನಕ್ಕವರು ವರ್ಷವೆಲ್ಲ ನಗುತ್ತಾರೆ, ಅತ್ತವರು ವರ್ಷವೆಲ್ಲ ಅಳುತ್ತಾರೆ ಎನ್ನುವುದು ಹಾರನಹಳ್ಳಿ ಸುತ್ತಿನ ಮಾತು. ಹಾಗಾಗಿ ಅವತ್ತು ಎಂಥ ತುಂಟ ಮಗುವಿನ ಬೆನ್ನಿಗೂ ರಜ. ಎಮ್ಮೆ ಕೊಂಬು ಬೀಸಿದರೂ ಅದಕ್ಕೊಂದು ಏಟು ಬೀಳುವುದಿಲ್ಲ. ಬಾಯಿ ಜೋರಿನ ಹೆಂಗಸರು ಕೂಡ ಬಾಯಿತುಂಬ ಎಲೆಯಡಿಕೆ ತುರುಕಿಕೊಂಡು ಜಗಲಿಯ ಮೇಲೆ ಸುಮ್ಮನೆ ಕೂರುತ್ತಾರೆ.

ಹೋದ ವರ್ಷತೊಡಕಿನ ದಿನ ಜಾನಕಮ್ಮನ ಮಗ ಶರತ್ ತನ್ನ ಹೆಂಡತಿ ಹೇಮಲತಾಳ ಜುಟ್ಟು ಹಿಡಿದು ತಲೆಯನ್ನು ಒಲೆಕಟ್ಟೆಗೆ ಬಡಿದಿದ್ದ. ಪಾಲಿಗೆ ಬಂದ ಬಾಡಿನಲ್ಲಿದ್ದ ಲಿವರ್ ತುಂಡು ಅವನ ತಟ್ಟೆ ಬಿಟ್ಟು ಮಗಳು ಮಧುಶ್ರೀಯ ತಟ್ಟೆಗೆ ಬಿದ್ದಿತ್ತು. ಕಾರಣ ಅಷ್ಟೆ.

ಆಮೇಲೆ ವರ್ಷ ಹೇಗೆ ಕಳೆಯಿತು ಎನ್ನುವುದನ್ನು ಹೇಮಲತಾಳ ಮೈಮೇಲೆ ಪಂಚಾಂಗ ಓದಿದ ಹಾಗೆ ಓದಬಹುದಿತ್ತು. ಆಷಾಢದಲ್ಲಿ ಎಡಗೈಯ ಎರಡು ಬೆರಳು ಮುರಿದವು. ಗೌರಿಹಬ್ಬದ ಹಿಂದಿನ ದಿನ ಓಲೆ ಕಿತ್ತು ಬಂದು ಕಿವಿ ಹರಿಯಿತು. ಕಾರ್ತೀಕದಲ್ಲಿ ಪಕ್ಕೆಗೆ ಒದ್ದದ್ದಕ್ಕೆ ಹದಿನೈದು ದಿನ ಮಗ್ಗುಲು ಬದಲಿಸಲಾಗಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒದ್ದೆ ಹಗ್ಗದಲ್ಲಿ ಬೆನ್ನಿಗೆ ಬಾರಿಸಿದ. ಆ ಬಾಸುಂಡೆಗಳು ಯುಗಾದಿ ಬಂದರೂ ಮಾಗಿರಲಿಲ್ಲ. ರವಿಕೆ ತಾಕಿದರೆ ಅವಳು ಉಸಿರು ಒಳಗೆ ಎಳೆದುಕೊಳ್ಳುತ್ತಿದ್ದಳು.

ಜಾನಕಮ್ಮ ತಾನೂ ಏಟು ತಿಂದೇ ಮುದುಕಿಯಾದವಳು. ಅವಳ ಗಂಡ ಕೆಂಚಪ್ಪ ಸತ್ತು ಹನ್ನೊಂದು ವರ್ಷವಾದರೂ, ಹಿಂದಿನಿಂದ ಯಾರಾದರೂ ಬೇಗ ನಡೆದು ಬಂದರೆ ಅವಳ ಕೈ ತಾನಾಗಿ ತಲೆಗೆ ಅಡ್ಡ ಹೋಗುತ್ತಿತ್ತು. ಸೊಸೆಗೂ ಮದುವೆಯಾದ ಒಂಬತ್ತು ವರ್ಷದಿಂದ ಏಟು ತಪ್ಪಿರಲಿಲ್ಲ. ಆದರೂ ಈ ಒಂದು ವರ್ಷ ಅದು ಮಿತಿಮೀರಿದ್ದಕ್ಕೆ ಜಾನಕಮ್ಮ ಕಂಡುಕೊಂಡಿದ್ದ ಕಾರಣ ಬೇರೆ. ದಿನ ಕೆಟ್ಟಿತು, ಅದಕ್ಕೆ ವರ್ಷ ಕೆಟ್ಟಿತು. ಈ ಸಲದ ವರ್ಷತೊಡಕನ್ನು ಒಂದು ಹನಿ ಕಣ್ಣೀರು ನೆಲಕ್ಕೆ ಬೀಳದ ಹಾಗೆ ದಾಟಿಸಿಬಿಟ್ಟರೆ ಮುಂದಿನದು ತಾನಾಗಿ ದಾರಿಗೆ ಬರುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಯುಗಾದಿಯ ದಿನ, ಬೇವುಬೆಲ್ಲ ಹಂಚಿ ಒಬ್ಬಟ್ಟಿನ ಹೂರಣ ರುಬ್ಬುವ ಹೊತ್ತಿಗೆ, ಒಳಕೋಣೆಯಲ್ಲಿ ಹೇಮಲತಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ತನ್ನವು ಎರಡು ಸೀರೆ, ಮಗುವಿನ ಸ್ಕೂಲ್ ಯೂನಿಫಾರಂ, ಒಂದು ಜೊತೆ ಶೂ.

“ಎಲ್ಲಿಗವ್ವ?” ಎಂದಳು ಜಾನಕಮ್ಮ, ಹೂರಣದ ಕೈಯಲ್ಲೇ.

“ಹುಲಿಕೆರೆಗೆ. ನಮ್ಮಣ್ಣನ ಮನೆಗೆ.”

“ಹಬ್ಬದ ದಿನ ಮನೆ ಬಿಟ್ಟು ಹೋಗ್ತಾರೇನವ್ವ?”

“ಏಟು ತಿನ್ನಾಕೆ ಹಬ್ಬ ಹುಣ್ಣಿಮೆ ಏನಾದ್ರೂ ಐತಾ ಅತ್ತೆ? ಹೋಗಾಕೆ ಮಾತ್ರ ಒಳ್ಳೆ ದಿನ ನೋಡ್ಬೇಕಾ?”

ಜಾನಕಮ್ಮ ಬ್ಯಾಗಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. “ನಾಳೆ ಒಂದಿನ ಇದ್ದು ನೋಡು ತಾಯಿ. ನಾಳೆ ಚೆನ್ನಾಗಿ ಕಳೆದ್ರೆ ವರ್ಷ ಚೆನ್ನಾಗಿರ್ತದೆ. ನಾಳೆ ಏನಾದ್ರೂ ಅವನ ಕೈ ನಿನ್ನ ಮೈ ಮ್ಯಾಲೆ ಬಿದ್ರೆ, ನಾನೇ ನಿನ್ನ ಬಸ್ ಹತ್ತಿಸ್ತೀನಿ. ನನ್ನಾಣೆ.”

“ನಿಮ್ಮಾಣೆ ಯಾಕತ್ತೆ? ಇವಳ ಮ್ಯಾಲೆ ಇಡಿ.”

ಏಳು ವರ್ಷದ ಮಧುಶ್ರೀ ಬಾಗಿಲಲ್ಲಿ ನಿಂತು ಹೂರಣ ತಿನ್ನುತ್ತಿತ್ತು. ಜಾನಕಮ್ಮ ಎದ್ದು ಹೋಗಿ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟಳು. ಹೂರಣ ಕೂದಲಿಗೆ ಮೆತ್ತಿಕೊಂಡಿತು. ಹೇಮಲತಾ ಬ್ಯಾಗನ್ನು ಬಿಚ್ಚಲಿಲ್ಲ, ಆದರೆ ಮಂಚದ ಕೆಳಕ್ಕೆ ತಳ್ಳಿದಳು.

ಮಗನ ಹತ್ತಿರವೂ ಜಾನಕಮ್ಮ ಮಾತು ತೆಗೆದುಕೊಂಡಳು. ಅವನು ಜಗಲಿಯ ಮೇಲೆ ಕೂತು ಒಬ್ಬಟ್ಟಿಗೆ ತುಪ್ಪ ಸುರಿದುಕೊಳ್ಳುತ್ತಿದ್ದ. ತೆಂಗಿನಕಾಯಿ ಸುಲಿದು ಸುಲಿದು ಹುರಿಗಟ್ಟಿದ ತೋಳು, ಎಡಗೆನ್ನೆಯಲ್ಲಿ ಅಪ್ಪನದೇ ಗುಳಿ. “ನಾಳೆ ಕೈ ಎತ್ತಬ್ಯಾಡ ಕಣೋ. ವರ್ಷತೊಡಕಿನ ದಿನ ಮನೆ ಹೆಣ್ಣು ಅತ್ರೆ ತೋಟದ ಸುಳಿ ಒಣಗ್ತದೆ” ಎಂದಾಗ ಅವನು ನಕ್ಕ. ತೋಟದ ಮಾತೆಂದರೆ ಅವನಿಗೂ ಭಯವೇ.

“ಆಯ್ತು ಕಣವ್ವ. ಸತ್ಯವಾಗ್ಲೂ ಎತ್ತಲ್ಲ. ನಾಳೆ ಒಂದಿನ ತಾನೆ?”

ಕೊನೆಯ ಮಾತನ್ನು ಜಾನಕಮ್ಮ ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಒಳಗೆ ಹೋದಳು.

ವರ್ಷತೊಡಕಿನ ಬೆಳಿಗ್ಗೆ ಅವಳಿಗಿದ್ದ ಯೋಚನೆ ಒಂದೇ: ಇವನ ಕೈಗೆ ಕೆಲಸ ಕೊಡಬೇಕು. ಅರಳಿಕಟ್ಟೆಯ ಇಸ್ಪೀಟಿಗೆ ಹೋದರೆ ಸೋತು ಬರುತ್ತಾನೆ, ಸೋತರೆ ಕುಡಿಯುತ್ತಾನೆ, ಕುಡಿದರೆ ಆಣೆ ಪ್ರಮಾಣ ನೆನಪಿರುವುದಿಲ್ಲ. ಪ್ರತಿ ಯುಗಾದಿಗೂ ಹಿತ್ತಲಿನ ಹಲಸಿನ ಮರಕ್ಕೆ ಉಯ್ಯಾಲೆ ಕಟ್ಟುತ್ತಿದ್ದವನು ಪಕ್ಕದ ಮನೆಯ ಜವರಪ್ಪ, ಕೆಂಚಪ್ಪನ ತಮ್ಮ. ಈ ವರ್ಷ ಅವನಿಗೆ ಮಂಡಿನೋವು, ಮರ ಹತ್ತಲಾರ. ಮಧುಶ್ರೀ ಎರಡು ದಿನದಿಂದ ಉಯ್ಯಾಲೆ ಉಯ್ಯಾಲೆ ಎಂದು ಪ್ರಾಣ ತಿನ್ನುತ್ತಿತ್ತು.

“ಮಗೀಗೆ ಉಯ್ಯಾಲೆ ಕಟ್ಟಿಕೊಡು ಕಣ್ಲಾ” ಎಂದಳು ಜಾನಕಮ್ಮ. “ಹಬ್ಬ ದಾಟಿದ್ರೂ ನಮ್ಮ ಮರ ಒಂದೇ ಬರಿದಾಗಿ ನಿಂತೈತೆ.”

ಶರತ್ ಒಪ್ಪಿದ. ಹಗ್ಗದ ಕೆಲಸದಲ್ಲಿ ಅವನಷ್ಟು ಹದ ತಿಳಿದವರು ಊರಲ್ಲಿ ಕಡಿಮೆ. ಹೊಸ ತೆಂಗಿನ ನಾರಿನ ಹಗ್ಗ ಮುಳ್ಳುಹಂದಿಯ ಹಾಗೆ ಸೆಟೆದಿರುತ್ತದೆ. ಅದನ್ನು ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಒಂದು ಗಂಟೆ ನೆನೆಹಾಕಿದ. ಆಮೇಲೆ ಚಪ್ಪಡಿಯ ಮೇಲೆ ಹರವಿ ಮರದ ಕೊಡತಿಯಿಂದ ಬಡಿದ. ಒಂದೊಂದು ಏಟಿಗೂ ನೀರು ಚಿಮ್ಮಿತು, ನಾರು ಅರಚಿದ ಹಾಗೆ ಸದ್ದಾಯಿತು. ಅಡುಗೆಮನೆಯಲ್ಲಿ ಖಾರ ಅರೆಯುತ್ತಿದ್ದ ಹೇಮಲತಾ ಆ ಸದ್ದಿಗೆ ಪ್ರತಿ ಸಲವೂ ಭುಜ ಕುಗ್ಗಿಸುತ್ತಿದ್ದುದನ್ನು ಜಾನಕಮ್ಮ ನೋಡಿದಳು. ಬಡಿಯಲಿ, ಹಗ್ಗವನ್ನೇ ಬಡಿಯಲಿ, ಇರೋಬರೋ ಸಿಟ್ಟೆಲ್ಲ ಅಲ್ಲೇ ಇಳಿದುಹೋಗಲಿ ಎಂದುಕೊಂಡಳು.

ಜವರಪ್ಪ ಕೋಲೂರಿಕೊಂಡು ಬಂದು ಮರದ ಬುಡದಲ್ಲಿ ಕೂತ. ಶರತ್ ಹೆಗಲಿಗೆ ಹಗ್ಗ ಸುತ್ತಿಕೊಂಡು ಮೇಲೆ ಹತ್ತಿದ. ಕೊಂಬೆಗೆ ಉಜ್ಜಿ ಹಗ್ಗ ತುಂಡಾಗದಿರಲೆಂದು ಗೋಣಿಚೀಲ ಮಡಿಸಿ ಹಾಸಿದ, ಅದರ ಮೇಲೆ ಮೂರು ಸುತ್ತು ಸುತ್ತಿ, ಕಾಲು ಕೊಟ್ಟು ಎಳೆದು ಗಂಟು ಬಿಗಿದ.

“ಏನ್ಲಾ ಶರತ, ಈ ಪಾಟಿ ಬಿಗೀತಿದ್ದೀಯ! ಉಯ್ಯಾಲೆ ಕಟ್ತಿದ್ದೀಯೋ, ಗೂಳಿ ಕಟ್ತಿದ್ದೀಯೋ?”

“ಗೂಳಿಗೂ ಆಯ್ತದೆ, ಹೆಂಡ್ತಿಗೂ ಆಯ್ತದೆ ಚಿಕ್ಕಪ್ಪ!”

ಜವರಪ್ಪ ಕೆಮ್ಮು ಬರುವವರೆಗೆ ನಕ್ಕ. ಜಾನಕಮ್ಮನಿಗೆ ನಗು ಬರಲಿಲ್ಲ. ಅವಳ ಕಣ್ಣು ಕೊಂಬೆಯ ಮೇಲಿತ್ತು. ಮೂಡಲ ಕಡೆಯ ಕೊಂಬೆಯ ಕೆಳಗೆ ಹಿತ್ತಲು ಬಯಲಾಗಿತ್ತು. ಶರತ್ ಆರಿಸಿಕೊಂಡಿದ್ದು ಪಡುವಲದ್ದನ್ನು. ಅಲ್ಲಿ ಎದುರಿಗೇ ಆಳೆತ್ತರದ ಕಲ್ಲುಚಪ್ಪಡಿಗಳನ್ನು ಸಾಲಾಗಿ ನೆಟ್ಟ ಬೇಲಿ.

“ಆ ಕೊಂಬೆ ಬ್ಯಾಡ ಕಣೋ. ಜೋರಾಗಿ ತೂಗಿದ್ರೆ ಕಾಲು ಚಪ್ಪಡಿಗೆ ಬಡೀತದೆ.”

“ಇದೇ ದಪ್ಪ ಐತೆ ಕಣವ್ವ. ಮಗು ತೂಗಾದು ಅಲ್ಲೀಗಂಟ ಎಲ್ಲಿ ಹೋಯ್ತದೆ?”

ಅದೂ ನಿಜವೇ. ಮಧುಶ್ರೀ ಹಲಗೆಯ ಮೇಲೆ ಕೂತು ತೂಗಿಕೊಂಡಾಗ ಅದರ ಕಾಲಿಗೂ ಚಪ್ಪಡಿಗೂ ಎರಡಾಳು ದೂರವಿತ್ತು. ಶರತ್ ಮಗಳನ್ನು ಮೆಲ್ಲಗೆ ತಳ್ಳುತ್ತ, “ಗಟ್ಟಿಯಾಗಿ ಹಿಡ್ಕ, ಪುಟ್ಟಿ” ಎಂದ. ಮಗು ಕಿಲಕಿಲ ನಕ್ಕಿತು. ವರ್ಷವೆಲ್ಲ ಹೀಗೇ ಇರಲಪ್ಪ ಎಂದು ಜಾನಕಮ್ಮ ಒಳಗೊಳಗೇ ಕೈಮುಗಿದಳು.

ಮಧ್ಯಾಹ್ನವೂ ಚೆನ್ನಾಗಿಯೇ ಕಳೆಯಿತು. ನಾಲ್ಕು ಮನೆ ಸೇರಿ ಕುಯ್ದಿದ್ದ ಕುರಿಯ ಗುಡ್ಡೆಬಾಡು ಮುತ್ತುಗದ ಎಲೆಯಲ್ಲಿ ಬಂತು. ಜಾನಕಮ್ಮ ತಾನೇ ನಿಂತು ಬಡಿಸಿದಳು. ಲಿವರ್ ಅಷ್ಟನ್ನೂ ಹುಡುಕಿ ಹುಡುಕಿ ಮಗನ ತಟ್ಟೆಗೆ ಹಾಕಿದಳು. ಅವನು ಅದರಲ್ಲಿ ಒಂದು ತುಂಡು ಮುರಿದು ಮಗಳ ಬಾಯಿಗಿಟ್ಟಾಗ, ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಮಲತಾಳ ತುಟಿಯಲ್ಲಿ ನಗುವಿನಂಥದ್ದು ಏನೋ ಬಂದು ಹೋಯಿತು. ಊಟವಾದ ಮೇಲೆ ಶರತ್ ಚಿಕ್ಕಪ್ಪನ ಜಗಲಿಯಲ್ಲಿ ಎರಡು ಪ್ಯಾಕೆಟ್ ಕುಡಿದ. ಎರಡೇ. ಅದಕ್ಕೂ ಜಾನಕಮ್ಮ ಸಮಾಧಾನ ಮಾಡಿಕೊಂಡಳು.

ಬಿಸಿಲು ಇಳಿದ ಮೇಲೆ ಬೀದಿಯ ಹೆಂಗಸರು ಹಿತ್ತಲಿಗೆ ಬಂದರು. ಮುಂದಾಳು ಹನುಮಮ್ಮ, ಜವರಪ್ಪನ ಹೆಂಡತಿ, ಜಾನಕಮ್ಮನ ಓರಗಿತ್ತಿ. ಅವಳು ಬಂದರೆ ಹತ್ತು ಜನ ಬಂದಷ್ಟು ಗದ್ದಲ. ಹಿಂದೆ ಅವಳ ಮಗಳು ಮಾಲಿನಿ, ಕಾಲೇಜಿನವಳು, ಕೈಯಲ್ಲಿ ಮೊಬೈಲು. ಒಬ್ಬೊಬ್ಬರಾಗಿ ಉಯ್ಯಾಲೆ ಏರಿದರು, ಇಳಿದರು. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವವರೆಗೆ ಇಳಿಸುವುದಿಲ್ಲ ಎನ್ನುವುದು ಹಳೆಯ ಪದ್ಧತಿ. ಹನುಮಮ್ಮ, “ಮಂಡಿ ಹಿಡ್ಕೊಂಡು ಕುಂತೋರು, ಮುದ್ದೆ ಕಂಡ್ರೆ ಎದ್ದೋರು, ನಮ್ಮ ಜವರಪ್ಪನೋರು” ಎಂದು ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗಿಸಿದಳು.

“ಹೇಮಾ, ನೀ ಬಾರೆ! ಅಡುಗೆಮನೇಲಿ ಏನು ಹೊಗೆ ಕುಡೀತಾ ಕುಂತಿದ್ದೀಯ?”

“ನಾನೊಲ್ಲೆ ಚಿಕ್ಕತ್ತೆ.”

“ಒಲ್ಲೆ ಅಂದೋಳೇ ಜಾಸ್ತಿ ತೂಗೋದು. ಬಾರೇ!”

ಎಳೆದು ತಂದು ಕೂರಿಸಿದರು. ಶರತ್ ಮರದ ಬುಡಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಮಾಲಿನಿ ಮೊಬೈಲು ಎತ್ತಿ ಹಿಡಿದು, “ಅತ್ತಿಗೆ, ಈ ಕಡೆ ನೋಡಿ, ಸ್ಮೈಲ್!” ಎಂದಳು. “ಹೆಸರು, ಹೆಸರು!” ಎಂದು ಎಲ್ಲರೂ ಕೂಗಿದರು.

ಹೇಮಲತಾ ಹಗ್ಗ ಹಿಡಿದು ನೆಲ ನೋಡುತ್ತ ಕೂತಿದ್ದಳು. ಆಮೇಲೆ ತಲೆಯೆತ್ತಿ, ರಾಗವಾಗಿಯೇ ಹೇಳಿದಳು:

“ಹಲಸಿನ ಕೊಂಬೇಗೆ ಹುರಿಹಗ್ಗ ಬಿಗಿದೋರು,
ಬೆನ್ನಿನ ತುಂಬೆಲ್ಲ ಬಾಸುಂಡೆ ಬರೆದೋರು,
ಬೇರೆ ಯಾರಲ್ಲ, ನಮ್ಮ ಶರತಪ್ಪನೋರು.”

ಹನುಮಮ್ಮ ಅಭ್ಯಾಸಬಲದಿಂದ “ಓಹೋ” ಎಂದು ಚಪ್ಪಾಳೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಯಾರೋ ಒಬ್ಬಳು ನಗಲು ಹೋಗಿ ಕೆಮ್ಮಿದಳು. ಊರಿಗೆಲ್ಲ ಗೊತ್ತಿದ್ದ ಮಾತೇ. ಆದರೆ ಅದನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ.

ಶರತ್ ಬೀಡಿ ಕೆಳಗೆ ಹಾಕಿ ಹೊಸಕಿದ. ಅವನ ಕೈ ಭುಜದ ಮಟ್ಟಕ್ಕೆ ಬಂದದ್ದನ್ನು ಜಾನಕಮ್ಮ ನೋಡಿದಳು. “ಶರತಾ!” ಎಂದಳು. ಅವನು ತಾಯಿಯ ಕಡೆ ತಿರುಗಿದ, ಎತ್ತಿದ ಕೈಯಲ್ಲೇ ತಲೆ ಕೆರೆದುಕೊಂಡು ನಕ್ಕ.

“ಯಾಕವ್ವ ಹೆದರ್ತೀಯ? ಇವತ್ತು ವರ್ಷತೊಡಕು. ಒಡಪು ಹೇಳಿದ್ಲಲ್ಲ, ನಾನೇ ತೂಗ್ತೀನಿ.”

ಹೆಂಗಸರು ಉಸಿರು ಬಿಟ್ಟರು. “ಹಂಗನ್ನು ಮತ್ತೆ! ಗಂಡ ತೂಗಿದ್ರೇ ಚೆಂದ” ಎಂದಳು ಹನುಮಮ್ಮ. ಮಾಲಿನಿ ಮತ್ತೆ ಮೊಬೈಲು ಎತ್ತಿದಳು.

ಅವನು ಹಿಂದೆ ನಿಂತು ಎರಡೂ ಅಂಗೈ ಹೆಂಡತಿಯ ಬೆನ್ನಿಗಿಟ್ಟ. ಅದೂ ಎಲ್ಲಿ, ಬಾಸುಂಡೆ ಒಡೆದಿದ್ದ ಜಾಗಕ್ಕೇ. ಹೇಮಲತಾಳ ಮುಖ ಕಿವುಚಿಕೊಂಡಿತು. ಅವನು ನೂಕಿದ. ಮೊದಲನೆಯದು ಮೆಲ್ಲಗಿತ್ತು. ಎರಡನೆಯದು ಎಲ್ಲರೂ ನೂಕುವಷ್ಟೇ ಇತ್ತು. ಮೂರನೆಯ ಸಲ ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಕಾಯಿಯ ಮೂಟೆ ಲಾರಿಗೆ ಎಸೆಯುವವನ ಹಾಗೆ ಸೊಂಟ ತಿರುಗಿಸಿ, ಬೆನ್ನಿಗೆ ಅಪ್ಪಳಿಸಿ ನೂಕಿದ. ಕೊಂಬೆ ಕಿರ್ರೆಂದಿತು.

“ಸಾಕು ಕಣ್ರೀ” ಎಂದಳು ಹೇಮಲತಾ.

“ಇನ್ನೊಂದು ಒಡಪು ಹೇಳು.”

“ಸಾಕು, ಇಳಿಸ್ರಿ!”

“ಹೇಳೇ! ಜನ ಕೇಳ್ತಾವ್ರೆ, ಹೇಳು!”

ಹಲಗೆ ಹಿಂದಕ್ಕೆ ಬಂದಾಗಲೆಲ್ಲ ಅವನ ಅಂಗೈ ಧಪ್ಪೆಂದು ಬೀಳುತ್ತಿತ್ತು. ಹೆಂಗಸರು ನಗುತ್ತಿದ್ದರು, ಸಂಸಾರ ಸರಿಹೋಯಿತು ಎಂಬ ಸಮಾಧಾನದ ನಗು. ರವಿಕೆಯ ಬೆನ್ನಿನಲ್ಲಿ ಕೆಂಪು ಹರಡುತ್ತಿದ್ದುದು ಅವರಿಗೆ ಕಾಣಲಿಲ್ಲ, ಮೊಬೈಲಿಗೂ ಕಾಣಲಿಲ್ಲ. ಕಂಡದ್ದು ಇಬ್ಬರಿಗೆ. ಮಧುಶ್ರೀ ಇದ್ದಕ್ಕಿದ್ದಂತೆ ಚಪ್ಪಾಳೆ ನಿಲ್ಲಿಸಿ, “ಅಪ್ಪಾ, ಬ್ಯಾಡ! ಅಪ್ಪಾ, ಬ್ಯಾಡ ಅಪ್ಪಾ!” ಎಂದು ಚೀರಿತು. ಆ ದನಿ ಮನೆಯೊಳಗಿನ ದನಿ. ಅದು ಹಿತ್ತಲಿನಲ್ಲಿ, ಜನರ ನಡುವೆ ಕೇಳಿದಾಗ ಜಾನಕಮ್ಮನಿಗೆ ಎಲ್ಲವೂ ಒಂದೇ ಸಲ ಅರ್ಥವಾಯಿತು. ಇವನು ದಿನವನ್ನು ಕಾಯುತ್ತಿದ್ದಾನೆ. ನನ್ನ ಹಾಗೇ, ದಿನ ಕೆಡದಂತೆ ಮಾತ್ರ ಕಾಯುತ್ತಿದ್ದಾನೆ, ಹೆಂಡತಿಯನ್ನಲ್ಲ.

“ನಿಲ್ಲಿಸ್ಲಾ!” ಎಂದು ಅವಳು ಓಡಿಬಂದಳು.

“ನಾನೇನು ಹೊಡದ್ನಾ ಅವ್ವ? ನೋಡು, ಎಲ್ರೂ ನೋಡವ್ರೆ. ಹೆಂಡ್ತೀನ ಉಯ್ಯಾಲೆ ತೂಗ್ತಾ ಇವ್ನಿ. ಸತ್ಯ ಮುರಿದಿಲ್ಲ!” ಎಂದು ಹೇಳುತ್ತಲೇ ಓಡಿ ನೂಕಿದ.

ಈ ಸಲ ಹೇಮಲತಾಳ ಬಲಗಾಲು ಚಪ್ಪಡಿಗೆ ಹೋಗಿ ಬಡಿಯಿತು. ಹಸಿ ಸೌದೆ ಮುರಿದಂಥ ಸದ್ದು. ಅವಳು ಕೂಗಿದ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. ಹಿಂದಕ್ಕೆ ಬರುವಾಗ ಕಾಲಿನಿಂದ ರಕ್ತದ ಹನಿಗಳು ನೆಲದ ಮೇಲೆ ಗೆರೆ ಎಳೆದವು. ಹೆಂಗಸರ ನಗು ನಿಂತಿತು. ಆದರೆ ಒಬ್ಬರೂ ಕದಲಲಿಲ್ಲ. ಅವನು ಮತ್ತೆ ಎರಡು ಹೆಜ್ಜೆ ಹಿಂದೆ ಸರಿದ, ಮತ್ತೆ ಕೈ ಚಾಚಿದ. ಹೇಮಲತಾಳ ಮುರಿದು ಕೂಡಿದ್ದ ಎರಡು ಬೆರಳು ಹಗ್ಗದಿಂದ ಜಾರುತ್ತಿದ್ದವು. ಇನ್ನೊಂದು ಸಲ ಹೋದರೆ ಕಾಲಲ್ಲ, ತಲೆ.

ಬೇಲಿಯ ಪಕ್ಕದಲ್ಲಿ ಬೆಳಿಗ್ಗೆ ಬಿದ್ದ ತೆಂಗಿನ ಹಸಿ ಮಟ್ಟೆಯಿತ್ತು. ಗರಿ ಸವರಿದ್ದ ಬುಡ, ತೊಡೆಯಷ್ಟು ದಪ್ಪ. ಜಾನಕಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿದಳು. ಅವಳ ವಯಸ್ಸಿಗೆ ಎತ್ತಲಾಗದ ಭಾರ. ಎತ್ತಿ, ಮಗನ ಮಂಡಿಯ ಹಿಂಭಾಗಕ್ಕೆ ಬೀಸಿದಳು.

ಶರತ್ ಮಂಡಿಯೂರಿ ಕುಸಿದ. ಯಾರು ಹೊಡೆದರೆಂದು ತಿರುಗಿ ನೋಡುವಷ್ಟರಲ್ಲಿ ಉಯ್ಯಾಲೆ ಹಿಂದಕ್ಕೆ ಬಂತು. ಹಲಗೆಯ ಅಂಚು, ಅದರ ಮೇಲೆ ಒಂದಾಳಿನ ಭಾರ, ನೇರವಾಗಿ ಅವನ ದವಡೆಗೆ ಬಡಿಯಿತು. ಹಲ್ಲು ಮುರಿದದ್ದು ಎಲ್ಲರಿಗೂ ಕೇಳಿಸಿತು. ಹೇಮಲತಾ ಹಲಗೆಯಿಂದ ಜಾರಿ ಮಗ್ಗುಲಾಗಿ ನೆಲಕ್ಕೆ ಬಿದ್ದಳು. ಅವನು ಬಾಯಿ ಹಿಡಿದುಕೊಂಡು ಅಂಗಾತ ಬಿದ್ದ.

ಅಲ್ಲಿಗೆ ಸಾಕಿತ್ತು. ಆದರೆ ಜಾನಕಮ್ಮ ಮಟ್ಟೆಯನ್ನು ಕೆಳಗಿಡಲಿಲ್ಲ. ಭುಜದ ಮೇಲೆ ಒಂದು ಬಿಟ್ಟಳು. ಅವನು ಎದ್ದು ಕೂರಲು ನೋಡಿದ, ತೋಳಿಗೆ ಒಂದು ಬಿಟ್ಟಳು. “ಅವ್ವಾ!” ಎಂದು ರಕ್ತ ಉಗುಳಿದ, ಆ ಎಡಗೆನ್ನೆಯ ಗುಳಿಯ ಪಕ್ಕಕ್ಕೇ ಒಂದು ಬಿಟ್ಟಳು. ತಾನು ಯಾರನ್ನು ಹೊಡೆಯುತ್ತಿದ್ದೇನೆ ಎನ್ನುವುದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಬಾಯಲ್ಲಿ ಬರುತ್ತಿದ್ದ ಹೆಸರು ಮಗನದಲ್ಲ. “ಕೆಂಚಪ್ಪಾ, ಲೋ ಕೆಂಚಪ್ಪಾ” ಎಂದು ಮದುವೆಯಾದಾಗಿನಿಂದ ಎಂದೂ ನಾಲಗೆಯ ಮೇಲೆ ತರದ ಗಂಡನ ಹೆಸರನ್ನು ಕೂಗಿಕೂಗಿ ಹೊಡೆದಳು. ಹೆಗಲ ಮೂಳೆ ಲಟ್ಟೆಂದಿತು. ಹನುಮಮ್ಮ ಹಿಂದಿನಿಂದ ಬಂದು ತಬ್ಬಿದರೆ ಅವಳನ್ನೂ ಕೊಡವಿ ಎಸೆದಳು. ಜವರಪ್ಪ ಹತ್ತಿರ ಬರಲೇ ಇಲ್ಲ.

ನಿಲ್ಲಿಸಿದವಳು ಹೇಮಲತಾ. ತೆವಳಿಕೊಂಡು ಬಂದು ಅತ್ತೆಯ ಕಾಲನ್ನು ಗಟ್ಟಿಯಾಗಿ ಹಿಡಿದಳು.

“ಸಾಕು ಅತ್ತೆ. ಮಗು ನೋಡ್ತೈತೆ.”

ಮಟ್ಟೆ ಕೈಯಿಂದ ಜಾರಿತು. ಮಧುಶ್ರೀ ಚಪ್ಪಡಿಗೆ ಬೆನ್ನು ಹಚ್ಚಿ, ಎರಡೂ ಕೈಯಲ್ಲಿ ತನ್ನ ತಲೆಯನ್ನು ಮುಚ್ಚಿಕೊಂಡು ನಿಂತಿತ್ತು. ಅಜ್ಜಿ ಒಂದು ಹೆಜ್ಜೆ ಮುಂದಿಟ್ಟರೆ ಅದು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು.

ಲಗೇಜ್ ಆಟೋದ ಹಿಂಭಾಗದಲ್ಲಿ ಇಬ್ಬರನ್ನೂ ಎದುರುಬದುರು ಮಲಗಿಸಿ ಅರಸೀಕೆರೆಗೆ ಹೊರಟರು. ಮಗು ಹನುಮಮ್ಮನ ಮನೆಯಲ್ಲಿ ಉಳಿಯಿತು. ದಾರಿಯುದ್ದಕ್ಕೂ ಜವರಪ್ಪ ಹೇಳುತ್ತಲೇ ಇದ್ದ: “ನೋಡತ್ತಿಗೆ, ಉಯ್ಯಾಲೆ ಹಲಗೆ ಬಡೀತು ಅನ್ನಾಣ. ಇಬ್ರಿಗೂ ಅದೇ. ಸುಳ್ಳೇನೂ ಅಲ್ಲ. ಇಲ್ದಿದ್ರೆ ಪೊಲೀಸು ಗಿಲೀಸು ಅಂತ ಆಯ್ತದೆ. ನೀನೇ ಸಿಗಾಕ್ಕಂತೀಯ. ಈ ವಯಸ್ಸಿನಾಗೆ ಬೇಕಾ ನಿಂಗೆ?”

ಆಸ್ಪತ್ರೆಯಲ್ಲಿ ಡ್ಯೂಟಿ ಮೇಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಶರತನ ಬಾಯಿಯ ರಕ್ತ ಒರೆಸಿ, ಹೆಗಲು ಮುಟ್ಟಿ ನೋಡಿ, “ಹೇಗಾಯ್ತು ಇದು?” ಎಂದು ಕೇಳಿದರು.

“ಉಯ್ಯಾಲೆ ಆಡ್ತಾ ಹಲಗೆ ಬಡೀತು ಡಾಕ್ಟ್ರಮ್ಮ. ಹಬ್ಬ ನೋಡಿ” ಎಂದ ಜವರಪ್ಪ. ಮಗಳ ಮೊಬೈಲನ್ನು ಇಸಿದುಕೊಂಡು ಬಂದಿದ್ದ. ಅದನ್ನು ಮುಂದೆ ಹಿಡಿದ. “ನೀವೇ ನೋಡಿ, ಎಷ್ಟು ಚೆಂದ ತೂಗ್ತಾವ್ನೆ ಹೆಂಡ್ತೀನ.”

ಪರದೆಯ ಮೇಲೆ ಹಲಸಿನ ಮರ, ಇಳಿಬಿಸಿಲು, ಹೂ ಮುಡಿದ ಹೆಂಗಸು, ಹಿಂದೆ ನಗುತ್ತ ನೂಕುವ ಗಂಡ. ಹೆಂಗಸರ ಕೇಕೆ. ಯಾರು ನೋಡಿದರೂ ಸುಖದ ಸಂಸಾರವೆನ್ನಬೇಕು. ಮಗು ಚೀರುವ ಮೊದಲೇ ಮಾಲಿನಿ ವಿಡಿಯೋ ನಿಲ್ಲಿಸಿದ್ದಳು.

“ಭುಜದ ಮೇಲೆ, ತೋಳಿನ ಮೇಲೆ ಬೇರೆ ಗುರುತಿದೆಯಲ್ಲ?”

“ಅದೂ ಹಲಗೆನೇ ಡಾಕ್ಟ್ರಮ್ಮ.”

ಶರತ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಊದಿದ ಕಣ್ಣುಗಳಿಂದ ತಾಯಿಯನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ. ಹೂಂ ಅನ್ನವ್ವ, ನಿನಗೂ ಒಳ್ಳೇದು ನನಗೂ ಒಳ್ಳೇದು, ಎಂದಂತಿತ್ತು. ಪಕ್ಕದ ಹಾಸಿಗೆಯಲ್ಲಿ ಹೇಮಲತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳು ಏನೂ ಹೇಳುವುದಿಲ್ಲ ಎಂದು ಜಾನಕಮ್ಮನಿಗೆ ಗೊತ್ತಿತ್ತು. ಒಂದು ಸಲ ಹಿತ್ತಲಿನಲ್ಲಿ ಬಾಯಿಬಿಟ್ಟು ಆದದ್ದನ್ನು ಅವಳು ಕಂಡಿದ್ದಳು. ಈಗ ಹಲಗೆ ಎಂದರೆ ಎಲ್ಲರೂ ಒಂದೇ ಆಟೋದಲ್ಲಿ ಮನೆಗೆ ಹೋಗುತ್ತಾರೆ. ಮಗನ ಮೂಳೆ ಕೂಡುತ್ತದೆ. ಕೂಡಿದ ಮೂಳೆಯ ಕೈ ಮತ್ತೆ ಏಳುತ್ತದೆ.

“ಹಲಗೆ ಒಂದ್ಸಲ ಬಡೀತು” ಎಂದಳು ಜಾನಕಮ್ಮ. “ಮಿಕ್ಕಿದ್ದೆಲ್ಲ ನಾನು ಹೊಡೆದದ್ದು. ಮಟ್ಟೆ ತಗಂಡು.”

“ಅತ್ತಿಗೆ!” ಎಂದ ಜವರಪ್ಪ.

“ನೀ ಸುಮ್ಕಿರಪ್ಪ. ಬರ್ಕೊಳ್ಳಿ ತಾಯಿ, ನನ್ನ ಹೆಸರು ಜಾನಕಮ್ಮ, ಇವನ ಹೆತ್ತೋಳು. ಇವನು ಹೆಂಡ್ತೀನ ಚಪ್ಪಡಿ ಕಲ್ಲಿಗೆ ಬಡಿದು ಸಾಯಿಸ್ತಿದ್ದ. ಅದಕ್ಕೆ ಹೊಡೆದೆ. ಆಮ್ಯಾಲೂ ಹೊಡೆದೆ, ಅದು ಬೇಕಿರ್ಲಿಲ್ಲ, ಅದನ್ನೂ ಬರ್ಕೊಳ್ಳಿ. ಆ ಹುಡುಗಿ ರವಿಕೆ ತೆಗೆಸಿ ಬೆನ್ನು ನೋಡಿ. ಕಾಲು ಆಮ್ಯಾಲೆ. ಮೊದ್ಲು ಬೆನ್ನು ನೋಡಿ.”

ಡಾಕ್ಟರು ಪೆನ್ನು ಕೆಳಗಿಟ್ಟು, ಎದ್ದು ಪರದೆ ಎಳೆದರು. ಆಮೇಲೆ ಅವರು ಹೊರಗೆ ಬಂದು ನರ್ಸಿಗೆ, “ಸ್ಟೇಷನ್‌ಗೆ ಫೋನ್ ಮಾಡಿ” ಎಂದರು. ಶರತ್ ಗಂಟಲಲ್ಲೇ ಏನೋ ಗೊರಗುಟ್ಟಿದ. ತಾಯಿ ಅವನ ಕಡೆ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ, ಪೊಲೀಸಿನವರು ಎಲ್ಲರ ಹೇಳಿಕೆ ಬರೆದುಕೊಂಡ ಮೇಲೆ, ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡ ಹೇಮಲತಾಳನ್ನು ಜಾನಕಮ್ಮ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಕರೆತಂದಳು. ಹನುಮಮ್ಮ ಹಾರನಹಳ್ಳಿಯಿಂದ ಮಗುವನ್ನೂ ಮಂಚದ ಕೆಳಗಿದ್ದ ಬ್ಯಾಗನ್ನೂ ತಂದಿದ್ದಳು. ಅಣ್ಣನಿಗೆ ಫೋನು ಹೋಗಿತ್ತು. ಹಳೇಬೀಡಿನಲ್ಲಿ ಇಳಿದರೆ ಅವನು ಬಂದು ಕರೆದುಕೊಂಡು ಹೋಗುತ್ತಾನೆ.

ಹಳೇಬೀಡಿನ ಬಸ್ಸು ಬಂತು. ಕಂಡಕ್ಟರು ಕಟ್ಟು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಜಾನಕಮ್ಮ ಸೊಸೆಯ ಕಂಕುಳಿಗೆ ಕೈಕೊಟ್ಟು ಮೆಟ್ಟಿಲು ಹತ್ತಿಸಿದಳು, ಬ್ಯಾಗು ಇಟ್ಟಳು. ಮಧುಶ್ರೀಯನ್ನು ಎತ್ತಿ ಕೊಡಲು ಕೈ ಚಾಚಿದಳು. ಮಗು ಅವಳ ಕೈಯನ್ನೇ ನೋಡುತ್ತ ನಿಂತು, ಆಮೇಲೆ ತಾನೇ ಕಂಬಿ ಹಿಡಿದುಕೊಂಡು ಹತ್ತಿಕೊಂಡಿತು.

ಕೆಳಗಿಳಿದು ಕಿಟಕಿಯ ಹತ್ತಿರ ನಿಂತಾಗ ಹೇಮಲತಾ ಅವಳನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಕೃತಜ್ಞತೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ಒಂಬತ್ತು ವರ್ಷ ಎಲ್ಲಿದ್ರಿ ಅತ್ತೆ?”

ಡ್ರೈವರು ಇಂಜಿನ್ ಚಾಲು ಮಾಡಿದ. ಕಿಟಕಿಯ ಸರಳು ಅದುರತೊಡಗಿತು.

“ಅಲ್ಲೇ ಇದ್ದೆ ಕಣವ್ವ” ಎಂದಳು ಜಾನಕಮ್ಮ. “ಬಾಗಿಲಾಚೆ. ಎಲ್ಲಾ ಕೇಳಿಸ್ತಿತ್ತು.”

ಹೇಮಲತಾ ತಲೆಯಾಡಿಸಿದಳು, ಗೊತ್ತಿದ್ದ ಸಂಗತಿಯನ್ನು ಇನ್ನೊಬ್ಬರ ಬಾಯಿಂದ ಕೇಳಿದವರ ಹಾಗೆ. ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು ಮುಂದಕ್ಕೆ ನೋಡುತ್ತ ಕೂತಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟಿತು.